ಆಖನ್ ನಿಲ್ದಾಣದಲ್ಲಿ ಇಳಿದದ್ದು

ಗಾಡಿ ತಡವಾಗಿ ಬರುವುದು ನಮ್ಮ ದೇಶಕ್ಕೆ ಮಾತ್ರ ಮೀಸಲಾದ ಸಂಪತ್ತೆಂಬ ಭಾವನೆ ನನ್ನಲ್ಲಿ ಬಹುಕಾಲದಿಂದ ಬೇರೂರಿತ್ತು. ಬಾಲ್ಯದಲ್ಲಿ ಬೀರೂರು ಜಂಕ್ಷನ್ನಿನ ಬೆಂಚುಗಳ ಮೇಲೆ ಕಳೆದ ಇರುಳುಗಳ ಫಲ ಅದು. ಜರ್ಮನಿಯಲ್ಲಾದರೋ ಜನ ಗಾಡಿಯನ್ನು ನೋಡಿ ಗಡಿಯಾರವನ್ನು ಸರಿಪಡಿಸಿಕೊಳ್ಳುತ್ತಾರೆಂದು ನಮ್ಮ ಮೇಷ್ಟ್ರು ಪಾಠದ ನಡುವೆ ಹೇಳುತ್ತಿದ್ದರು. 2024ರ ಮೇ ತಿಂಗಳಲ್ಲಿ ಪತ್ನೀಸಮೇತನಾಗಿ ಬ್ರಸೆಲ್ಸಿನಿಂದ ಟ್ಯೂಬಿಂಗನ್ನಿಗೆ ಹೊರಟಾಗ ನಾನು ನೆಚ್ಚಿಕೊಂಡಿದ್ದುದು ಆ ಮಾತನ್ನೇ.

ಕನ್ನಡ ಓದಿದವನಿಗೆ ಟ್ಯೂಬಿಂಗನ್ ತೀರ ಪರವೂರಲ್ಲ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟ್ಟೆಲ್ಲರು ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ಕಣ್ಮುಚ್ಚಿದ ಊರು ಅದು. ಅವರಿಗೆ ಡಾಕ್ಟರೇಟು ಕೊಟ್ಟು ಗೌರವಿಸಿದ್ದೂ ಅಲ್ಲಿಯ ವಿಶ್ವವಿದ್ಯಾನಿಲಯವೇ. ಆದರೆ ಕಿಟ್ಟೆಲ್ಲರಿಗಾಗಿಯೇ ಹೊರಟೆವೆಂದರೆ ಅರ್ಧ ಸುಳ್ಳಾದೀತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಆ ವರ್ಷ ಫೆಬ್ರವರಿಯಲ್ಲಿ ಅವನ ತಂದೆ ತೀರಿಕೊಂಡರು. ಅವನಿಗೆ ಊರಿಗೆ ಬರಲಾಗಲಿಲ್ಲ. ನಾವು ಹೊರಡುವ ಸುದ್ದಿ ತಿಳಿದು ಅವನ ತಾಯಿ ಶಿವಮೊಗ್ಗದಿಂದ ಬಂದು, ಒಂದು ಬಟ್ಟೆಯ ಕೈಚೀಲವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಹೋಗಿದ್ದರು. ಅದರಲ್ಲಿದ್ದದ್ದು ಮಾವಿನ ಮಿಡಿ ಉಪ್ಪಿನಕಾಯಿಯ ಒಂದು ಡಬ್ಬಿ, ಮತ್ತು ತಂದೆ ಹೊದೆಯುತ್ತಿದ್ದ ಶಾಲು. ಹುಡುಗ ಮರುದಿನ ಬೆಳಗಿನ ಜಾವವೇ ಕೆಲಸದ ಮೇಲೆ ನಾರ್ವೆಗೆ ಹೊರಡುವವನಿದ್ದ. ಆ ರಾತ್ರಿ ತಪ್ಪಿದರೆ ಭೇಟಿ ತಪ್ಪಿದಂತೆಯೇ. ಮಧ್ಯಾಹ್ನ ಎರಡೂವರೆಗೆ ಹೊರಟು ಕ್ಯೋಲ್ನ್ ಮತ್ತು ಸ್ಟುಟ್‌ಗಾರ್ಟ್‌ಗಳಲ್ಲಿ ಗಾಡಿ ಬದಲಿಸಿದರೆ ಎಂಟೂವರೆಗೆ ಟ್ಯೂಬಿಂಗನ್ ಸೇರಬೇಕೆಂಬುದು ಲೆಕ್ಕ.

ಪ್ರಯಾಣವನ್ನು ಎರಡಾಗಿ ಒಡೆದು ಎರಡು ಚೀಟಿ ಕೊಂಡರೆ ಕೆಲವು ಯೂರೋ ಉಳಿಯುತ್ತಿತ್ತು. ಅಧ್ಯಾಪಕನ ಬುದ್ಧಿ ಅತ್ತಲೇ ಎಳೆಯಿತು. ಹುಡುಗ ಮಾತ್ರ ಫೋನಿನಲ್ಲಿ, “ಸಾರ್, ದಯವಿಟ್ಟು ಮೊದಲಿನಿಂದ ಕಡೆಯವರೆಗೆ ಒಂದೇ ಚೀಟಿ ತೊಗೊಳ್ಳಿ,” ಎಂದು ಎರಡು ಸಲ ಹೇಳಿದ. ಶಿಷ್ಯನ ಮಾತನ್ನು ಗೊಣಗುತ್ತಲೇ ನಡೆಸಿದೆ. ಅದರ ಅರ್ಥ ತಿಳಿದದ್ದು ಆಮೇಲೆ.

ಬ್ರಸೆಲ್ಸಿನ ದಕ್ಷಿಣ ನಿಲ್ದಾಣದಲ್ಲಿ ನಮ್ಮ ಮೊದಲ ಪರೀಕ್ಷೆ. ನಿಲ್ದಾಣಕ್ಕೇ ಎರಡು ಹೆಸರು: ಫ್ರೆಂಚಿನಲ್ಲಿ ಮಿದಿ, ಡಚ್ಚಿನಲ್ಲಿ ಝೌಡ್. ಆ ನಗರದಲ್ಲಿ ಎರಡು ಭಾಷೆಗೂ ಸಮಾನ ಸ್ಥಾನ. ಎತ್ತರದ ಹಲಗೆಯಲ್ಲಿ ಕ್ಯೋಲ್ನ್ ಎಂಬ ಊರನ್ನು ಎಷ್ಟು ಹುಡುಕಿದರೂ ಇಲ್ಲ. ಅಲ್ಲಿದ್ದದ್ದು ಆ ಊರಿನ ಫ್ರೆಂಚ್ ಮತ್ತು ಡಚ್ ರೂಪಗಳು. ಲಿಯೇಜ್ ಎಂಬ ನಗರವಂತೂ ಡಚ್ಚರ ಬಾಯಲ್ಲಿ ಲೌಯ್ಕ್, ಜರ್ಮನರ ಬಾಯಲ್ಲಿ ಲ್ಯೂಟಿಖ್. ಗಡಿಯಾಚೆಯ ಆಖನ್ ಫ್ರೆಂಚರಿಗೆ ಎಕ್ಸ್-ಲಾ-ಶಪೆಲ್. ಈ ಎರಡು ಹೆಸರುಗಳಿಗೆ ಕಿವಿಯಲ್ಲಿ ಯಾವ ನಂಟೂ ಕೇಳಿಸದಿದ್ದರೂ ಎರಡರ ಬುಡದಲ್ಲಿಯೂ ಇರುವುದು ನೀರೆಂಬ ಅರ್ಥವೇ. ಬಿಸಿನೀರಿನ ಬುಗ್ಗೆಗಳ ಊರು ಅದು. ಬೆಳಗಾವಿ-ಬೆಳಗಾಂ ಎಂದು ಕಾದಾಡಿದ ನಾಡಿನವನಾದ ನನಗೆ ಇದು ರುಚಿಸಿ, ಹಲಗೆಯ ಮುಂದೆ ನಿಂತು ಪತ್ನಿಗೆ ವಿವರಿಸತೊಡಗಿದೆ. “ರೀ, ಹೆಸರಿನ ವಿಚಾರ ಗಾಡಿ ಹತ್ತಿದ ಮೇಲೆ ಹೇಳಿ,” ಎಂದಳು. ಆಗ ಉಳಿದಿದ್ದುದು ಆರು ನಿಮಿಷ.

ಗಾಡಿ ಹೊರಟದ್ದು ಹೊತ್ತಿಗೆ ಸರಿಯಾಗಿಯೇ. ಕಾಲಟ್ರಾವಾ ಎಂಬ ಶಿಲ್ಪಿ ಕಟ್ಟಿ 2009ರಲ್ಲಿ ತೆರೆದ ಲಿಯೇಜ್ ನಿಲ್ದಾಣದ ಬಿಳಿಯ ಕಮಾನುಗಳನ್ನು ನೋಡಿ ಬೆರಗಾದೆವು. ಅಲ್ಲಿಂದ ಸ್ವಲ್ಪ ದೂರ ಹೋಗಿ, ಹಸುರು ಗುಡ್ಡಗಳ ನಡುವೆ ಗಾಡಿ ನಿಂತಿತು. ಐದು ನಿಮಿಷ, ಹದಿನೈದು, ನಲವತ್ತು. ನಾಲ್ಕು ಭಾಷೆಗಳಲ್ಲಿ ಪ್ರಕಟಣೆಯಾಯಿತು. ನನಗೆ ತಿಳಿದ ಒಂದರಲ್ಲಿ ಕೇಳಿಸಿದ್ದು ‘ಸಿಗ್ನಲ್’ ಎಂಬ ಶಬ್ದ ಮಾತ್ರ. ಹೊರಗೆ ಹಸುಗಳು ಮೇಯುತ್ತಿದ್ದವು. ಗಂಟೆಯ ಮೇಲೆ ತೆವಳುತ್ತ ಆಖನ್ ಸೇರಿದ ಗಾಡಿ, ಮುಂದೆ ಹೋಗುವುದಿಲ್ಲವೆಂದು ಅಲ್ಲಿಯೇ ನಮ್ಮನ್ನೆಲ್ಲ ಇಳಿಸಿಬಿಟ್ಟಿತು.

ಆ ಗಳಿಗೆಯ ದಿಗ್ಭ್ರಮೆಯನ್ನು ಈಗ ನಗುತ್ತ ಬರೆಯಬಹುದು. ಆಗ ನಗು ಬರಲಿಲ್ಲ. ಜರ್ಮನಿಯ ನಿಲ್ದಾಣಗಳಲ್ಲಿ ಚೀಟಿ ನೋಡುವ ಬಾಗಿಲಿಲ್ಲ, ತಡೆಯುವವರಿಲ್ಲ. ಅಂತೆಯೇ ಕೇಳಿದರೆ ಹೇಳುವವರೂ ಥಟ್ಟನೆ ಸಿಕ್ಕುವುದಿಲ್ಲ. ಗೋಡೆಯ ಮೇಲೆ ಎರಡು ದೊಡ್ಡ ಪಟ್ಟಿಗಳಿರುತ್ತವೆ: ಹಳದಿಯದು ಹೊರಡುವ ಗಾಡಿಗಳದು, ಬಿಳಿಯದು ಬರುವ ಗಾಡಿಗಳದು. ನಾನು ಕನ್ನಡಕ ಸರಿಪಡಿಸಿಕೊಂಡು ಹತ್ತು ನಿಮಿಷ ಶ್ರದ್ಧೆಯಿಂದ ಓದಿದ್ದು ಬಿಳಿಯದನ್ನು. ಅಷ್ಟರಲ್ಲಿ ಪತ್ನಿ, ಸೈಕಲ್ ಹಿಡಿದು ನಿಂತಿದ್ದ ವೃದ್ಧೆಯೊಬ್ಬರ ಬಳಿ ಹೋಗಿ, ಅಚ್ಚ ಕನ್ನಡದಲ್ಲಿ, “ಕ್ಯೋಲ್ನ್‌ಗೆ ಹೋಗೋದು ಯಾವುದಮ್ಮಾ?” ಎಂದಳು. ಆಕೆ ಅಚ್ಚ ಜರ್ಮನಿನಲ್ಲಿ ಉತ್ತರ ಕೊಟ್ಟು, ನಮ್ಮನ್ನು ಇನ್ನೊಂದು ಪ್ಲಾಟ್‌ಫಾರ್ಮಿನವರೆಗೆ ಕರೆದೊಯ್ದು, ಊರಿಂದೂರಿಗೆ ನಿಲ್ಲುತ್ತ ಹೋಗುವ ಸಾಮಾನ್ಯ ಗಾಡಿಯೊಂದನ್ನು ಹತ್ತಿಸಿ, ಕೈಬೀಸಿದರು. ಮೂವತ್ತು ವರ್ಷದ ನನ್ನ ಭಾಷಾವ್ಯಾಸಂಗಕ್ಕೆ ಅಲ್ಲಿ ಮಾಡಲು ಕೆಲಸವಿರಲಿಲ್ಲ.

ಕ್ಯೋಲ್ನ್‌ನಲ್ಲಿ ಸ್ಟುಟ್‌ಗಾರ್ಟಿನ ಗಾಡಿ ತಪ್ಪಿ ಎರಡು ಗಂಟೆಯಾಗಿತ್ತು. ನಿಲ್ದಾಣದ ಬಾಗಿಲಿಗೇ ಒರಗಿದಂತೆ ನಿಂತಿದೆ ಅಲ್ಲಿಯ ಮಹಾದೇವಾಲಯ. 1248ರಲ್ಲಿ ಅಸ್ತಿಭಾರವಿಟ್ಟದ್ದು, ಪೂರೈಸಿದ್ದು 1880ರಲ್ಲಿ. ತಡವೆಂದರೆ ಏನೆಂದು ಬಲ್ಲ ಊರು! ಸಹಾಯದ ಕಟ್ಟೆಯ ಮುಂದೆ ಉದ್ದನೆಯ ಸಾಲು. ನಮ್ಮ ಸರದಿ ಬಂದಾಗ ಅಲ್ಲಿಯ ಹುಡುಗಿ ಚೀಟಿಯನ್ನು ನೋಡಿ, ‘ಚುಗ್‌ಬಿಂಡುಂಗ್’ ಹೋಯಿತು, ಮುಂದಿನ ಯಾವ ಗಾಡಿಯನ್ನಾದರೂ ಹತ್ತಿರೆಂದು ಹೇಳಿದಳು. ಚುಗ್ ಎಂದರೆ ಗಾಡಿ, ಬಿಂಡುಂಗ್ ಎಂದರೆ ಬಂಧನ. ಅಗ್ಗದ ಚೀಟಿ ಕೊಂಡವನನ್ನು ಒಂದೇ ಗಾಡಿಗೆ ಕಟ್ಟಿಹಾಕುವ ಹಗ್ಗ ಅದು. ತಲಪುವುದು ಇಪ್ಪತ್ತು ನಿಮಿಷಕ್ಕಿಂತ ತಡವಾಗುವಂತಿದ್ದರೆ ಅದು ಕಳಚಿಬೀಳುತ್ತದೆ. ಒಂದೇ ಚೀಟಿಯ ಮಹಿಮೆ ಆಗ ಗೋಚರಿಸಿತು. ಎರಡು ಕೊಂಡಿದ್ದರೆ, ಮೊದಲ ಗಾಡಿಯ ತಪ್ಪಿಗೆ ಎರಡನೆಯ ಚೀಟಿ ಹೊಣೆಯಲ್ಲವೆಂದು ಹೇಳಲು ಅವಕಾಶವಿರುತ್ತಿತ್ತು.

ಮುಂದಿನ ಗಾಡಿಯೂ ತಡ. ‘ಫೆರ್‌ಷ್ಪೇಟುಂಗ್’ ಎಂಬ ಶಬ್ದವನ್ನು ನಾನು ಕಲಿತದ್ದು ಅಲ್ಲಿ. ಪ್ರತಿ ಐದು ನಿಮಿಷಕ್ಕೊಮ್ಮೆ ಧ್ವನಿವರ್ಧಕ ಪಾಠ ಹೇಳಿಕೊಡುತ್ತಿತ್ತು. ಆರು ನಿಮಿಷದೊಳಗಿನ ತಡವನ್ನು ಆ ದೇಶದಲ್ಲಿ ತಡವೆಂದೇ ಎಣಿಸುವುದಿಲ್ಲವಂತೆ. ಅಷ್ಟು ರಿಯಾಯಿತಿ ಕೊಟ್ಟೂ ಆ 2024ರಲ್ಲಿ ಹೊತ್ತಿಗೆ ತಲಪಿದ ದೂರದ ಗಾಡಿಗಳು ನೂರಕ್ಕೆ ಸುಮಾರು ಅರವತ್ತೆರಡು ಮಾತ್ರ. ಹಳೆಯದಾದ ಹಳಿಗಳು, ಅವುಗಳ ಮೇಲೆಯೇ ವೇಗದ ಗಾಡಿ, ಸರಕಿನ ಗಾಡಿ, ಊರುಗಾಡಿ ಎಲ್ಲವೂ. ಸಾಲದ್ದಕ್ಕೆ ಎಲ್ಲೆಡೆ ದುರಸ್ತಿ. ನಮ್ಮ ಮೇಷ್ಟ್ರು ಈಗ ಇಲ್ಲ. ಇದ್ದಿದ್ದರೆ ಹೇಳುವುದಕ್ಕೆ ನನಗೆ ಮನಸ್ಸು ಬರುತ್ತಿರಲಿಲ್ಲ.

ಫೋನು ಆ ವೇಳೆಗೆ, ವ್ಯಾಕರಣದ ಮಾತಿನಲ್ಲಿ, ಅಲ್ಪಪ್ರಾಣವಾಗಿತ್ತು. “ರಾತ್ರಿ ಬಹಳವಾಗುತ್ತದೆ, ನೀನು ಕಾಯಬೇಡ, ಮಲಗು,” ಎಂದು ಹುಡುಗನಿಗೆ ಬರೆದು ಕಳುಹಿಸಿದೆ. ಉತ್ತರ ಬರುವುದರೊಳಗೆ ಅದು ಆರಿತು. ಪತ್ನಿ ಮಾತನಾಡಲಿಲ್ಲ. ಕೈಚೀಲವನ್ನು ಬ್ರಸೆಲ್ಸಿನಿಂದ ಅವಳು ಮಡಿಲಿನಿಂದ ಕೆಳಗಿಳಿಸಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಮಲಗು ಅಂತ ಯಾಕೆ ಬರೆದಿರಿ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಗಾಡಿ ಬಂದಾಗ ಡಬ್ಬಿಗಳ ಕ್ರಮ ತಿರುಗುಮುರುಗಾಗಿತ್ತು. ಪ್ಲಾಟ್‌ಫಾರ್ಮಿನ ಚಿತ್ರಪಟ ನೋಡಿ ‘ಎ’ ಅಕ್ಷರದ ಕೆಳಗೆ ನಿಂತಿದ್ದ ನಾವೆಲ್ಲ ‘ಎಫ್’ ಕಡೆಗೆ ಓಡಿದೆವು. ಗಂಟೆಗೆ 300 ಕಿಲೋಮೀಟರ್ ಓಡಬಲ್ಲ ಹಳಿಯ ಮೇಲೆ ಗಾಡಿ ಕತ್ತಲನ್ನು ಸೀಳಿಕೊಂಡು ಹೋಯಿತು. ಸ್ಟುಟ್‌ಗಾರ್ಟಿನಲ್ಲಿ 2010ರಲ್ಲಿ ಆರಂಭವಾದ ಭೂಗತ ನಿಲ್ದಾಣದ ಕೆಲಸ ನಾವು ಹೋದಾಗಲೂ ಮುಗಿದಿರಲಿಲ್ಲ. ಅಲ್ಲಿಂದ ನೆಕರ್ ನದಿಯ ಬದಿಯಲ್ಲಿ ಸಾಗುವ ಕೊನೆಯ ಹಂತ. ಎಸ್ಲಿಂಗನ್ ಎಂಬ ಹಲಗೆ ದೀಪದ ಬೆಳಕಿನಲ್ಲಿ ಸರಿದುಹೋಯಿತು. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರತಂದ ಮೋಗ್ಲಿಂಗರು ತೀರಿಕೊಂಡ ಊರು. ಹೇಳಬೇಕೆಂದು ಬಾಯಿ ತೆರೆದೆ; ಪತ್ನಿ ತೂಕಡಿಸುತ್ತಿದ್ದಳು.

ಟ್ಯೂಬಿಂಗನ್ ತಲಪಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ನಿರ್ಜನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಬ್ಬ ನಿಂತಿದ್ದ. ಎಂಟೂವರೆಯಿಂದಲೂ ಅಲ್ಲಿಯೇ ಇದ್ದನಂತೆ; ನಡುವೆ ಎರಡು ಸಲ ಮನೆಗೆ ಹೋಗಿ ಸಾರು ಬಿಸಿಮಾಡಿ ಬಂದಿದ್ದನಂತೆ.

ಊಟದ ಮೇಲೆ ಅವನು ನಮ್ಮ ಚೀಟಿಯನ್ನು ಕೇಳಿ ತೆಗೆದುಕೊಂಡು ಪರಿಹಾರದ ಅರ್ಜಿ ತುಂಬಿಸತೊಡಗಿದ. ಯೂರೋಪಿನ ಒಕ್ಕೂಟದ ನಿಯಮದಂತೆ ಒಂದು ಗಂಟೆ ಮೀರಿದರೆ ಚೀಟಿಯ ಕಾಲುಭಾಗ, ಎರಡು ಗಂಟೆ ಮೀರಿದರೆ ಅರ್ಧ ಹಿಂದಿರುಗಬೇಕು. “ನಿಮಗೆ ಅರ್ಧ ಬರುತ್ತೆ ಸಾರ್,” ಎಂದ. ಪತ್ನಿ ಕೈಚೀಲವನ್ನು ಅವನ ಮುಂದಿಟ್ಟಳು. ಅವನು ಮೊದಲು ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಶಾಲನ್ನು ತೆಗೆದು, ಮಡಿಕೆ ಬಿಚ್ಚದೆ, ತೊಡೆಯ ಮೇಲಿಟ್ಟುಕೊಂಡು, ಅರ್ಜಿಯಲ್ಲಿ ಉಳಿದಿದ್ದ ನಮ್ಮ ಗಾಡಿಯ ಸಂಖ್ಯೆಯನ್ನು ಕೇಳಿದ. ನಾನು ಹೇಳಿದೆ. ಇನ್ನೊಮ್ಮೆ ಕೇಳಿದ, ಇನ್ನೊಮ್ಮೆ ಹೇಳಿದೆ.