ಒಂದೇ ಬಗೆಯ ಸಿನಿಮಾಕ್ಕೆ ಒಂದೊಂದು ಪತ್ರಿಕೆ

ದೆವ್ವ, ರಾಕ್ಷಸರ ಸಿನಿಮಾಗಳಿಗೆಂದೇ ಒಂದು ಪತ್ರಿಕೆ, ಟ್ರಿಕ್ ದೃಶ್ಯಗಳ ತಂತ್ರಕ್ಕೆಂದೇ ಮತ್ತೊಂದು, ಚಿತ್ರಸಂಗೀತಕ್ಕೆ ಇನ್ನೊಂದು, ಜಪಾನಿನ ದೈತ್ಯ ಗಾಡ್‌ಜಿಲ್ಲಾನ ಪರಿವಾರಕ್ಕೆ ಮಗದೊಂದು. ಅಮೆರಿಕ ಮತ್ತು ಯುರೋಪಿನಲ್ಲಿ 1950ರ ದಶಕದ ಕೊನೆಯಿಂದ ಇಂಥ ಪತ್ರಿಕೆಗಳ ಒಂದು ಪರಂಪರೆಯೇ ಬೆಳೆಯಿತು. ಗಂಭೀರ ವಿಮರ್ಶಕರು ಕಣ್ಣೆತ್ತಿಯೂ ನೋಡದ ಚಿತ್ರಗಳ ಬಗ್ಗೆ ಅಭಿಮಾನಿಗಳು ಅವುಗಳಲ್ಲಿ ಕಲೆಹಾಕಿದ ಮಾಹಿತಿ ಇಂದು ಸಿನಿಮಾ ಇತಿಹಾಸ ಬರೆಯುವವರಿಗೆ ಆಧಾರವಾಗಿದೆ.

ಟಿವಿಯಿಂದ ಹುಟ್ಟಿದ ಹುಚ್ಚು

ಈ ಪರಂಪರೆಗೆ ಇಂಬು ಕೊಟ್ಟದ್ದು ಟೆಲಿವಿಷನ್. 1957ರಲ್ಲಿ ಸ್ಕ್ರೀನ್ ಜೆಮ್ಸ್ ಸಂಸ್ಥೆ ಯುನಿವರ್ಸಲ್ ಸ್ಟುಡಿಯೊದ 52 ಹಳೆಯ ಚಿತ್ರಗಳನ್ನು ‘ಶಾಕ್!’ ಎಂಬ ಹೆಸರಿನಲ್ಲಿ ಒಟ್ಟುಗೂಡಿಸಿ ಅಮೆರಿಕದ ಟಿವಿ ಕೇಂದ್ರಗಳಿಗೆ ಮಾರಿತು. 1931ರ ‘ಡ್ರಾಕುಲಾ’, ‘ಫ್ರಾಂಕೆನ್‌ಸ್ಟೈನ್’ ಚಿತ್ರಗಳನ್ನು ಹೊಸ ಪೀಳಿಗೆಯ ಮಕ್ಕಳು ಮನೆಯಲ್ಲೇ ಕುಳಿತು ನೋಡಿದರು. ಮರುವರ್ಷ ಪ್ರಕಾಶಕ ಜೇಮ್ಸ್ ವಾರೆನ್ ಮತ್ತು ಸಂಪಾದಕ ಫಾರೆಸ್ಟ್ ಜೆ. ಆ್ಯಕರ್‌ಮನ್ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಹೊರತಂದರು. ಮೊದಲ ಮುಖಪುಟದಲ್ಲಿ ಫ್ರಾಂಕೆನ್‌ಸ್ಟೈನ್ ಮುಖವಾಡ ತೊಟ್ಟು ನಿಂತವರು ಸ್ವತಃ ವಾರೆನ್. ಒಂದೇ ಸಂಚಿಕೆಗೆ ಮುಗಿಸುವ ಲೆಕ್ಕಾಚಾರದಲ್ಲಿ ಹೊರಟ ಪತ್ರಿಕೆ 1983ರವರೆಗೆ ನಡೆಯಿತು.

ಅದರ ಪುಟಗಳಲ್ಲಿ ದೊಡ್ಡ ದೊಡ್ಡ ಕಪ್ಪು-ಬಿಳುಪು ಸ್ಟಿಲ್‌ಗಳು, ಅವುಗಳ ಕೆಳಗೆ ಮಕ್ಕಳಿಗೆ ಕಚಗುಳಿಯಿಡುವ ಶ್ಲೇಷೆಗಳು ಇರುತ್ತಿದ್ದವು. ಕೊನೆಯ ಪುಟಗಳು ‘ಕ್ಯಾಪ್ಟನ್ ಕಂಪನಿ’ಯ ಜಾಹೀರಾತಿಗೆ ಮೀಸಲು: ರಬ್ಬರ್ ಮುಖವಾಡ, ಮಾಡೆಲ್ ಕಿಟ್, ಮನೆಯ ಪ್ರೊಜೆಕ್ಟರ್‌ನಲ್ಲಿ ಓಡಿಸುವ 8 ಎಂಎಂ ಫಿಲ್ಮ್ ತುಣುಕುಗಳನ್ನು ಅಂಚೆಯಲ್ಲಿ ತರಿಸಬಹುದಿತ್ತು. ವಿಡಿಯೊ ಇಲ್ಲದ ಆ ಕಾಲದಲ್ಲಿ ಒಮ್ಮೆ ನೋಡಿದ ಚಿತ್ರ ಮತ್ತೆ ಯಾವಾಗ ಸಿಕ್ಕೀತೆಂದು ಹೇಳುವಂತಿರಲಿಲ್ಲ. ಚಿತ್ರವನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳಲು ಇದ್ದ ದಾರಿಗಳಲ್ಲಿ ಪತ್ರಿಕೆಯೂ ಒಂದಾಗಿತ್ತು. ಮುಂದೆ ಕಾದಂಬರಿಕಾರರಾದ ಸ್ಟೀಫನ್ ಕಿಂಗ್ ಬಾಲಕನಾಗಿದ್ದಾಗ ಇದರ ಸೋದರ ಪತ್ರಿಕೆ ‘ಸ್ಪೇಸ್‌ಮೆನ್’ಗೆ ಕಥೆ ಕಳುಹಿಸಿದ್ದರು. ಆಗ ಅದು ಅಚ್ಚಾಗಲಿಲ್ಲ, ಆದರೆ ಆ್ಯಕರ್‌ಮನ್ ಅದನ್ನು ಎಸೆಯದೆ ಇಟ್ಟುಕೊಂಡು, ಕಿಂಗ್ ಪ್ರಸಿದ್ಧರಾದ ಮೇಲೆ ಅದರ ಮೇಲೇ ಅವರ ಹಸ್ತಾಕ್ಷರ ಪಡೆದರು.

ಮೋಜಿನಿಂದ ವಿಮರ್ಶೆಗೆ

1962ರಲ್ಲಿ ಎರಡು ಹೊಸ ಪತ್ರಿಕೆಗಳು ಇದೇ ವಸ್ತುವನ್ನು ಬೇರೆ ದಿಕ್ಕಿಗೆ ಒಯ್ದವು. ಪ್ಯಾರಿಸ್‌ನ ಚಿತ್ರಮಂದಿರವೊಂದರ ಹೆಸರು ಹೊತ್ತ ‘ಮಿದಿ-ಮಿನ್ವಿ ಫಾಂತಾಸ್ತಿಕ್’ ತನ್ನ ಮೊದಲ ಸಂಚಿಕೆಯನ್ನು ಬ್ರಿಟನ್ನಿನ ಭಯಾನಕ ಚಿತ್ರಗಳ ನಿರ್ದೇಶಕ ಟೆರೆನ್ಸ್ ಫಿಶರ್‌ಗೆ ಮೀಸಲಿಟ್ಟಿತು. ಅಮೆರಿಕದಲ್ಲಿ ಕ್ಯಾಲ್ವಿನ್ ಬೆಕ್ ಆರಂಭಿಸಿದ ‘ಕ್ಯಾಸಲ್ ಆಫ್ ಫ್ರಾಂಕೆನ್‌ಸ್ಟೈನ್’ 1975ರವರೆಗೆ 25 ಸಂಚಿಕೆಗಳನ್ನು ಕಂಡಿತು. ಮುಂದೆ ‘ಗ್ರೆಮ್‌ಲಿನ್ಸ್’ ನಿರ್ದೇಶಿಸಿದ ಜೋ ಡಾಂಟೆ ಅದರಲ್ಲಿ ಪುಟ್ಟ ವಿಮರ್ಶೆಗಳನ್ನು ಬರೆಯುತ್ತಿದ್ದರು.

ಫ್ರೆಡರಿಕ್ ಎಸ್. ಕ್ಲಾರ್ಕ್ ಸೈಕ್ಲೋಸ್ಟೈಲ್ ಹಾಳೆಗಳಲ್ಲಿ ಆರಂಭಿಸಿ 1970ರಲ್ಲಿ ಪೂರ್ಣ ಪ್ರಮಾಣದ ಪತ್ರಿಕೆಯಾಗಿಸಿದ ‘ಸಿನೆಫೆಂಟಾಸ್ಟಿಕ್’ ಇನ್ನೂ ಆಳಕ್ಕಿಳಿಯಿತು. 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರದ ನಿರ್ಮಾಣ ಹೇಗಾಯಿತೆಂಬುದಕ್ಕೆ 1979ರಲ್ಲಿ ಅದು ಜೋಡಿ ಸಂಚಿಕೆಯನ್ನೇ ತೆಗೆದಿರಿಸಿತು. ತಾರೆಯರ ಬದಲು ಸೆಟ್ ಕಟ್ಟಿದವರನ್ನೂ ತಂತ್ರಜ್ಞರನ್ನೂ ಮಾತನಾಡಿಸುವ ಈ ಪದ್ಧತಿಯನ್ನು 1980ರಲ್ಲಿ ಡಾನ್ ಶೇ ಸ್ಥಾಪಿಸಿದ ‘ಸಿನೆಫೆಕ್ಸ್’ ಪೂರ್ತಿಯಾಗಿ ವಿಶೇಷ ಪರಿಣಾಮಗಳಿಗೇ ಸೀಮಿತಗೊಳಿಸಿತು. ಪುಟ್ಟ ಮಾದರಿಗಳ ಚಿತ್ರೀಕರಣದಿಂದ ಕಂಪ್ಯೂಟರ್ ಗ್ರಾಫಿಕ್ಸ್‌ವರೆಗಿನ ಬದಲಾವಣೆ ಅದರ 172 ಸಂಚಿಕೆಗಳಲ್ಲಿ ದಾಖಲಾಗಿದೆ. 2021ರಲ್ಲಿ ಅದು ನಿಂತಿತು.

ಕ್ಯಾಸೆಟ್ ಕಾಲದ ತನಿಖೆ

ವಿಡಿಯೊ ಕ್ಯಾಸೆಟ್ ಬಂದ ಮೇಲೆ ಅಪರೂಪದ ಚಿತ್ರಗಳು ಕೈಗೆಟುಕಿದವು. ಆದರೆ ಸಿಕ್ಕ ಪ್ರತಿ ಪೂರ್ಣವೇ ಎಂಬ ಹೊಸ ಪ್ರಶ್ನೆ ಎದ್ದಿತು. ಯುರೋಪಿನ ಚಿತ್ರಗಳು ಅಮೆರಿಕಕ್ಕೆ ಬರುವಾಗ ಹೆಸರು ಬದಲಾಗಿ, ದೃಶ್ಯಗಳು ಕತ್ತರಿಸಿಹೋಗಿ, ಡಬ್ ಆಗಿ ಬರುತ್ತಿದ್ದವು; ಟಿವಿ ಪರದೆಗೆ ಹೊಂದಿಸಲು ಅಗಲದ ಚಿತ್ರಿಕೆಯ ಎರಡೂ ಬದಿ ಕಡಿಯುವುದೂ ಇತ್ತು. ಟಿಮ್ ಲೂಕಸ್ 1990ರಲ್ಲಿ ಪತ್ನಿ ಡೋನಾ ಜೊತೆ ಸಿನ್ಸಿನಾಟಿಯಿಂದ ಆರಂಭಿಸಿದ ‘ವಿಡಿಯೊ ವಾಚ್‌ಡಾಗ್’ ಕೈಗೆತ್ತಿಕೊಂಡದ್ದು ಇದನ್ನೇ. ಒಂದೇ ಚಿತ್ರದ ಬೇರೆ ಬೇರೆ ಪ್ರತಿಗಳನ್ನು ಎದುರುಬದುರು ಇಟ್ಟು, ಎಲ್ಲಿ ಏನು ಬಿಟ್ಟುಹೋಗಿದೆ ಎಂದು ಅದು ಪಟ್ಟಿ ಮಾಡುತ್ತಿತ್ತು. ಹಸ್ತಪ್ರತಿಗಳನ್ನು ತಾಳೆ ನೋಡುವ ಗ್ರಂಥಸಂಪಾದಕರ ಕೆಲಸಕ್ಕೆ ಇದು ಹತ್ತಿರ. ಇಟಲಿಯ ನಿರ್ದೇಶಕ ಮಾರಿಯೊ ಬಾವಾ ಕುರಿತು ಲೂಕಸ್ 2007ರಲ್ಲಿ ಸಾವಿರಕ್ಕೂ ಹೆಚ್ಚು ಪುಟಗಳ ಗ್ರಂಥವನ್ನೇ ಪ್ರಕಟಿಸಿದರು.

ಹುಡುಕುವ ದಾರಿ

ಹಳೆಯ ಸಂಚಿಕೆಗಳನ್ನು ಹುಡುಕುವವರಿಗೆ ಮೊದಲ ನೆರವು ಸೂಚಿಗಳು. ಅಂತರರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಗಳ ಒಕ್ಕೂಟ ‘ಫಿಯಾಫ್’ 1972ರಿಂದ ಸಿನಿಮಾ ನಿಯತಕಾಲಿಕಗಳ ಲೇಖನಸೂಚಿ ಸಿದ್ಧಪಡಿಸುತ್ತ ಬಂದಿದೆ. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಮತ್ತು ಬೆವರ್ಲಿ ಹಿಲ್ಸ್‌ನ ಮಾರ್ಗರೆಟ್ ಹೆರಿಕ್ ಗ್ರಂಥಾಲಯಗಳಲ್ಲಿ ಪತ್ರಿಕೆಗಳ ದೊಡ್ಡ ಸಂಗ್ರಹವಿದೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಸಿನಿಮಾ ಪತ್ರಿಕೆಗಳನ್ನು ‘ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ’ ಸ್ಕ್ಯಾನ್ ಮಾಡಿ ಉಚಿತವಾಗಿ ಒದಗಿಸುತ್ತದೆ. ಅದರ ‘ಲ್ಯಾಂಟರ್ನ್’ ಶೋಧಯಂತ್ರದಲ್ಲಿ ಒಂದು ಹೆಸರು ಕೊಟ್ಟರೆ ಅದಿರುವ ಪುಟಗಳೇ ತೆರೆದುಕೊಳ್ಳುತ್ತವೆ. ಭಾರತದಲ್ಲಿ 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಸಿನಿಮಾ ಪುಸ್ತಕ, ಪತ್ರಿಕೆಗಳನ್ನು ಕಾಪಿಟ್ಟಿದೆ.

ಅಭಿಮಾನದಿಂದ ಬರೆದ ಪುಟಗಳಲ್ಲಿ ಉತ್ಪ್ರೇಕ್ಷೆ ಉಂಟು, ಇಸವಿ ಮತ್ತು ತಂತ್ರಜ್ಞರ ಹೆಸರುಗಳನ್ನು ಬೇರೆ ಆಕರಗಳೊಡನೆ ತಾಳೆ ನೋಡಬೇಕಾಗುತ್ತದೆ. ಆದರೆ ಮೇಕಪ್ ಕಲಾವಿದರ ಸಂದರ್ಶನ, ಓದುಗರ ಪತ್ರಗಳು, ಆ ಕಾಲದ ಜಾಹೀರಾತುಗಳು ಸ್ಟುಡಿಯೊಗಳ ಅಧಿಕೃತ ಕಡತಗಳಲ್ಲಿ ಸಿಗುವಂಥವಲ್ಲ. ಒಂದು ಚಿತ್ರವನ್ನು ತಯಾರಿಸಿದವರು ಏನು ಮಾಡಿದರು, ನೋಡಿದವರು ಅದನ್ನು ಹೇಗೆ ಕಂಡರು ಎಂಬೆರಡನ್ನೂ ತಿಳಿಯಬೇಕಾದ ಸಂಶೋಧಕರು ಈ ಪತ್ರಿಕೆಗಳನ್ನು ತಿರುವಿಹಾಕದೆ ಮುಂದೆ ಹೋಗುವಂತಿಲ್ಲ.