ಅಳತೆಪಟ್ಟಿ ಹೇಳುವ ಸತ್ಯ

ಮುಂಬೈ, ದೆಹಲಿಯ ರೈಲು ಹಳಿಗಳ ಪಕ್ಕದ ಗೋಡೆಗಳಲ್ಲಿ ‘ಗುಪ್ತರೋಗ’ದ ಜಾಹೀರಾತು ಓದದವರು ನಮ್ಮಲ್ಲಿ ಕಡಿಮೆ. ಅವು ಮಾರುವುದು ಔಷಧಿಗಿಂತ ಹೆಚ್ಚಾಗಿ ಭಯವನ್ನು. ವೈದ್ಯವಿಜ್ಞಾನದ ಉತ್ತರ ಒಂದು ಸಾದಾ ಅಳತೆಪಟ್ಟಿ.

ಶಿಶ್ನದ ಉದ್ದವನ್ನು ಮೇಲ್ಭಾಗದಲ್ಲಿ ಅಳೆಯುತ್ತಾರೆ. ಪಟ್ಟಿಯನ್ನು ಕಿಬ್ಬೊಟ್ಟೆಯಡಿಯ ಮೂಳೆಗೆ ತಾಗುವಂತೆ ಒತ್ತಿ, ತುದಿಯವರೆಗೆ ಲೆಕ್ಕ. ಒತ್ತದಿದ್ದರೆ ಅಲ್ಲಿನ ಕೊಬ್ಬು ಒಂದಿಷ್ಟು ಉದ್ದವನ್ನು ಮರೆಮಾಡುತ್ತದೆ. ಸಡಿಲ ಸ್ಥಿತಿಯ ಅಳತೆ ಚಳಿಗೂ ಆತಂಕಕ್ಕೂ ಬದಲಾಗುತ್ತದೆ. ಆಸ್ಪತ್ರೆಯಲ್ಲಿ ಉದ್ರೇಕದ ಅಳತೆ ಸಿಗುವುದು ಕಷ್ಟ. ಹಾಗಾಗಿ ಮೆಲ್ಲಗೆ ಪೂರ್ತಿ ಎಳೆದು ಅಳೆಯುವ ಕ್ರಮವೇ ಹೆಚ್ಚು ಬಳಕೆಯಲ್ಲಿದೆ.

2015ರಲ್ಲಿ ಲಂಡನ್ನಿನ ಸಂಶೋಧಕರು ಹಲವು ಅಧ್ಯಯನಗಳಿಂದ ಒಟ್ಟು 15,521 ಗಂಡಸರ ಅಳತೆಗಳನ್ನು ಕಲೆಹಾಕಿದರು. ಉದ್ರೇಕದ ಅಳತೆ ಸಿಕ್ಕಿದ್ದು 692 ಮಂದಿಯದು ಮಾತ್ರ. ಸ್ವತಃ ಅಳೆದು ಹೇಳಿದ್ದನ್ನು ಅವರು ಸೇರಿಸಲಿಲ್ಲ. ತಾನೇ ಹೇಳುವಾಗ ಸಂಖ್ಯೆ ಹಿಗ್ಗುವುದುಂಟು. ಸರಾಸರಿ ಬಂದದ್ದು ಹೀಗೆ: ಸಡಿಲವಾಗಿ 9.16, ಎಳೆದಾಗ 13.24, ಉದ್ರೇಕದಲ್ಲಿ 13.12 ಸೆಂ.ಮೀ.

ಈ ಚಿಂತೆ ಹೊತ್ತು ವೈದ್ಯರ ಬಳಿ ಬರುವವರಲ್ಲಿ ಹೆಚ್ಚಿನವರ ಅಳತೆ ಸಹಜವಾಗಿಯೇ ಇರುತ್ತದೆ. ಊರಿನಿಂದ ದೂರ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಕೊರಗಬೇಡಿ. ಗೋಡೆಯ ಮೇಲಿನ ನಂಬರಿಗೆ ಫೋನ್ ಮಾಡುವ ಮೊದಲು ಮೂತ್ರರೋಗ ತಜ್ಞರನ್ನು ಕಾಣಿ.