ಕಂಬಿಗೆ ಕಂಬಿ ಕೂಡುವಲ್ಲಿ

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಯುವಕ ಯುವತಿಯರು ಇಲ್ಲಿ ಫ್ಲ್ಯಾಟು ಕೊಳ್ಳುತ್ತಾರೆ. ಊರಿನಲ್ಲಿ ತಂದೆತಾಯಿಗಾಗಿ ಮನೆಯನ್ನೂ ಕಟ್ಟಿಸುತ್ತಾರೆ. ಟೈಲ್ಸು, ಬಣ್ಣ, ಅಡಿಗೆಮನೆಯ ಕಟ್ಟೆ ಇವುಗಳ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಭಾರ ಹೊರುವ ಬೀಮಿನೊಳಗೆ ಕಂಬಿಗಳನ್ನು ಹೇಗೆ ಜೋಡಿಸಿದ್ದಾರೆಂದು ಕೇಳುವವರು ವಿರಳ. ಕಾಂಕ್ರೀಟ್ ಹಾಕಿದ ಮೇಲೆ ಕಣ್ಣಿಗೆ ಕಾಣುವುದೂ ಇಲ್ಲ.

ಕಂಬಿಗಳು ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ ಬರುತ್ತವೆ. ಉದ್ದ ಸಾಲದ ಕಡೆ ಎರಡು ಕಂಬಿಗಳ ತುದಿಗಳನ್ನು ಅಕ್ಕಪಕ್ಕ ಇಟ್ಟು ಬೈಂಡಿಂಗ್ ವೈರಿನಿಂದ ಕಟ್ಟುತ್ತಾರೆ. ಇದೇ ಲ್ಯಾಪ್. ಜೋಡಣೆಯ ಬಲ ಆ ತಂತಿಯಲ್ಲಿದೆ ಎಂದು ತಿಳಿಯಬಾರದು. ಕಾಂಕ್ರೀಟ್ ಹಾಕುವಾಗ ಕಂಬಿ ಅಲುಗದಂತೆ ಹಿಡಿಯುವುದಷ್ಟೇ ಅದರ ಕೆಲಸ. ಒಂದು ಕಂಬಿಯ ಎಳೆತ ಅದರ ಮೈಮೇಲಿನ ಏಣುಗಳ ಮೂಲಕ ಕಾಂಕ್ರೀಟಿಗೂ, ಅಲ್ಲಿಂದ ಇನ್ನೊಂದು ಕಂಬಿಗೂ ದಾಟುತ್ತದೆ. ಹಾಗೆ ದಾಟಲು ಸಾಕಷ್ಟು ಉದ್ದ ಬೇಕು. ಸಾಲದಿದ್ದರೆ ಕಾಂಕ್ರೀಟ್ ಕಂಬಿಯ ಉದ್ದಕ್ಕೆ ಸೀಳಿ ಹಿಡಿತ ತಪ್ಪುತ್ತದೆ.

ಗಟ್ಟಿ ಉಕ್ಕಿಗೆ ಲ್ಯಾಪ್ ಕಡಿಮೆ ಸಾಕೆಂದು ಹಲವರ ಎಣಿಕೆ. ವಾಸ್ತವ ಇದಕ್ಕೆ ವಿರುದ್ಧ. ಹೆಚ್ಚು ಎಳೆತ ಹೊರುವ ಕಂಬಿ ಹೆಚ್ಚು ಎಳೆತವನ್ನೇ ದಾಟಿಸಬೇಕಲ್ಲವೇ? ಭಾರತೀಯ ಮಾನಕ 456ರ 2000ದ ಆವೃತ್ತಿಯ ಲೆಕ್ಕದಂತೆ ಎಂ 20 ಕಾಂಕ್ರೀಟಿನ ಬೀಮಿನಲ್ಲಿ ಎಳೆತಕ್ಕೊಳಗಾಗುವ ಎಫ್‌ಇ 415 ಕಂಬಿಗೆ ವ್ಯಾಸದ ಸುಮಾರು 47 ಪಟ್ಟು ಲ್ಯಾಪ್ ಬೇಕು. ಎಫ್‌ಇ 500 ಕಂಬಿಗೆ ಸುಮಾರು 57 ಪಟ್ಟು. 16 ಮಿ.ಮೀ. ಕಂಬಿಯಾದರೆ ಇದು 75 ಸೆಂ.ಮೀ. ಮತ್ತು 91 ಸೆಂ.ಮೀ. ಎಲ್ಲಕ್ಕೂ 50 ಪಟ್ಟು ಎಂಬ ಬಾಯಿಲೆಕ್ಕ ಹಿಡಿದರೆ ಎಫ್‌ಇ 500ಕ್ಕೆ ಇಲ್ಲಿ 11 ಸೆಂ.ಮೀ. ಕಡಿಮೆ ಬೀಳುತ್ತದೆ. ಕಾಂಕ್ರೀಟ್ ಎಂ 25 ಆದರೆ 49 ಪಟ್ಟು ಸಾಕು. ಆದ್ದರಿಂದ ಉಕ್ಕು, ಕಾಂಕ್ರೀಟ್ ಎರಡನ್ನೂ ನೋಡಿಯೇ ಉದ್ದ ನಿಶ್ಚಯಿಸಬೇಕು.

ಲ್ಯಾಪ್ ಎಲ್ಲಿ ಕೊಡುತ್ತಾರೆಂಬುದೂ ಮುಖ್ಯ. ಬೀಮು ಅತಿ ಹೆಚ್ಚು ಬಾಗುವ ಜಾಗದಲ್ಲಿ, ಅಂದರೆ ಕೆಳಗಿನ ಕಂಬಿಗೆ ನಡುಮಧ್ಯದಲ್ಲಿ, ಮೇಲಿನ ಕಂಬಿಗೆ ಕಂಬದ ಬಳಿ, ಅದನ್ನು ತಪ್ಪಿಸಬೇಕು. ಒಂದೇ ಕಡೆ ಅರ್ಧಕ್ಕಿಂತ ಹೆಚ್ಚು ಕಂಬಿಗಳನ್ನು ಕೂಡಿಸಬಾರದು. ಭೂಕಂಪ ನಿರೋಧಕ ಕಟ್ಟಡದಲ್ಲಿ ಲ್ಯಾಪ್ ಇರುವಷ್ಟು ಉದ್ದಕ್ಕೂ ರಿಂಗುಗಳನ್ನು ಒತ್ತೊತ್ತಾಗಿ ಕಟ್ಟಬೇಕು. ಸೀಳಲು ಹೊರಟ ಕಾಂಕ್ರೀಟನ್ನು ಅವು ಬಿಗಿಹಿಡಿಯುತ್ತವೆ.

ಯುವಮಿತ್ರರೇ, ನೀವೆಲ್ಲ ಇಂಜಿನಿಯರ್ ಆಗಬೇಕಿಲ್ಲ. ಕಾಂಕ್ರೀಟ್ ಹಾಕುವ ಮುನ್ನಾದಿನ ಇಂಜಿನಿಯರರನ್ನು ಕರೆಸಿ, ನಕ್ಷೆಯಲ್ಲಿ ಬರೆದ ಲ್ಯಾಪ್ ಉದ್ದವನ್ನು ಟೇಪು ಹಿಡಿದು ತಾಳೆ ನೋಡಲು ಹೇಳಿ, ಫೋಟೋ ತೆಗೆದಿಡಿ. ಕಡಿಮೆ ಕಂಡರೆ ಕಂಬಿ ಸರಿಪಡಿಸಲು ಅಂದು ಒಂದು ಗಂಟೆ ಸಾಕು. ಮರುದಿನ ಬೀಮನ್ನೇ ಒಡೆಯಬೇಕಾದೀತು.